ಸ್ಕ್ರೂವರ್ಮ್ ನೊಣ: ಭಾನುವಾರ ಸೇರೋಣವಾ?

ಮನೆ 7: ಎಲ್ಲರಿಗೂ ನಮಸ್ಕಾರ. 2025ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಸಬಿನಾಸ್ ಹಿಡಾಲ್ಗೋದಲ್ಲಿ ಒಂದು ದನದಲ್ಲಿ ಸ್ಕ್ರೂವರ್ಮ್ (ಗಾಯದಲ್ಲಿ ಬೆಳೆದು ಮಾಂಸ ತಿನ್ನುವ ನೊಣದ ಹುಳ) ಸಿಕ್ಕಿತು. ನಮ್ಮ ಟೆಕ್ಸಾಸ್ ಗಡಿಗೆ 70 ಮೈಲಿಯೂ ಇಲ್ಲ. ನಮ್ಮಲ್ಲಿ ಮೇಕೆ, ಕುದುರೆ, ನಾಯಿ ಸಾಕಿರುವವರು ಜಾಸ್ತಿ. ಭಾನುವಾರ 4 ಗಂಟೆಗೆ ಕ್ಲಬ್‌ಹೌಸಲ್ಲಿ ಸೇರೋಣವಾ?

ಮನೆ 12: ಊರಲ್ಲೂ ದನದ ಗಾಯಕ್ಕೆ ಹುಳ ಬೀಳುತ್ತಿತ್ತಲ್ಲ ಅಣ್ಣ. ಟರ್ಪೆಂಟೈನ್ ಬಿಟ್ಟರೆ ಉದುರುತ್ತಿದ್ದವು. ಇದಕ್ಕೆ ಇಷ್ಟು ಗಾಬರಿ ಯಾಕೆ?

ಮನೆ 3: ಊರಲ್ಲಿ ಇದರ ದಾಯಾದಿ ಜಾತಿ ಇದೆ. ಎರಡರ ಹುಳಗಳೂ ಬದುಕಿರುವ ಪ್ರಾಣಿಯ ಮಾಂಸವನ್ನೇ ತಿನ್ನುತ್ತವೆ. ಉಣ್ಣೆ ಕಚ್ಚಿದ ಗಾಯ, ಎಳೆಗರುವಿನ ಹೊಕ್ಕುಳು ಸಾಕು, ಹೆಣ್ಣು ನೊಣ ಅಂಚಿನಲ್ಲಿ 200–300 ಮೊಟ್ಟೆ ಇಟ್ಟುಬಿಡುತ್ತದೆ. ಮೇಲೆ ಸಣ್ಣ ತೂತು, ಒಳಗೆ ದೊಡ್ಡ ಗುಂಡಿ, ಕೆಟ್ಟ ವಾಸನೆ. ಅಮೆರಿಕದಲ್ಲಿ 1966ರಲ್ಲೇ ಇದನ್ನು ತೊಲಗಿಸಿದ್ದರು. ಹಾಗಾಗಿ ಇಲ್ಲಿ ಈಗಿನ ಎಷ್ಟೋ ಸಾಕಣೆದಾರರು ಇದನ್ನು ಕಣ್ಣಲ್ಲಿ ನೋಡಿಯೇ ಇಲ್ಲ. ವಾಸನೆ ಗೊತ್ತಿರುವವರು ನೀವೇ!

ಮನೆ 9: ನಮ್ಮ ಟೆಕ್ಸಾಸ್‌ನ ಎಡಿನ್‌ಬರ್ಗ್ ಹತ್ತಿರ 75 ಕೋಟಿ ಡಾಲರ್ ಸುರಿದು ನೊಣದ ಕಾರ್ಖಾನೆ ಕಟ್ಟುತ್ತಾರಂತೆ. ವಾರಕ್ಕೆ 30 ಕೋಟಿ ನೊಣ! ದುಡ್ಡು ದಂಡ ಅಲ್ವಾ?

ಮನೆ 3: ದಂಡ ಅಲ್ಲ ಸಾರ್. ಹೆಣ್ಣು ನೊಣ ಸಾಮಾನ್ಯವಾಗಿ ಜೀವಮಾನದಲ್ಲಿ ಒಂದೇ ಸಲ ಕೂಡುತ್ತದೆ. ಕಾರ್ಖಾನೆಯಲ್ಲಿ ವಿಕಿರಣ ಹಾಯಿಸಿ ಸಂತಾನಶಕ್ತಿ ತೆಗೆದು ಬಿಟ್ಟ ಗಂಡು ಜೊತೆಯಾದರೆ ಮೊಟ್ಟೆಯಿಂದ ಮರಿ ಬರುವುದಿಲ್ಲ. 1954ರಲ್ಲಿ ಕುರಾಸಾವೋ ದ್ವೀಪದಲ್ಲಿ ಹೀಗೇ ಗೆದ್ದರು. ನನ್ನ ತಕರಾರೇ ಬೇರೆ. ಮೆಕ್ಸಿಕೋದಲ್ಲಿ ವಾರಕ್ಕೆ 50 ಕೋಟಿ ನೊಣ ಮಾಡಬಲ್ಲ ಕಾರ್ಖಾನೆ ಇತ್ತು. ನೊಣ ಪನಾಮಾದಾಚೆಗೆ ಹೋಯಿತು ಅಂತ ಅದಕ್ಕೆ ಬಾಗಿಲು ಹಾಕಿದರು. 2025ರಲ್ಲಿ ಪನಾಮಾದ ಕಾರ್ಖಾನೆಯೊಂದೇ ಗತಿಯಾಗಿತ್ತು, ಅಲ್ಲಿ ವಾರಕ್ಕೆ ಸುಮಾರು 10 ಕೋಟಿ. ಹೊಸದು ಏಳುವವರೆಗೆ ನಾವೇ ನೋಡಿಕೊಳ್ಳಬೇಕು.

ಮನೆ 5: ನಮ್ಮ ಹೋತಮರಿಗಳಿಗೆ ಬೀಜ ಒಡೆಸಬೇಕಿತ್ತು...

ಮನೆ 3: ಚಳಿ ಬೀಳುವವರೆಗೆ ಮುಂದೂಡಿ ಅಕ್ಕ. ಗಾಯ ಆಗುವ ಕೆಲಸ ಈಗ ಬೇಡ. ದಿನಾ ಸಂಜೆ ಕಿವಿ, ಬಾಲದ ಕೆಳಗೆ, ಹೊಕ್ಕುಳು ನೋಡಿ. ಹುಳ ಕಂಡರೆ ಪ್ರಾಣಿಯನ್ನು ಎಲ್ಲಿಗೂ ಸಾಗಿಸಬೇಡಿ, ತಕ್ಷಣ ವೆಟ್‌ಗೆ ಫೋನ್ ಮಾಡಿ. ಹುಳವನ್ನು ಆಲ್ಕೋಹಾಲ್‌ನಲ್ಲಿ ಹಾಕಿ ಪರೀಕ್ಷೆಗೆ ಕಳಿಸಬೇಕು. ಟರ್ಪೆಂಟೈನ್ ಬಿಟ್ಟು ಸುಮ್ನೆ ಕೂರಬೇಡಿ.

ಮನೆ 7: ಹಾಗಾದರೆ ಸಭೆಗೆ ಕೌಂಟಿ (ಜಿಲ್ಲಾ) ಕಚೇರಿಯವರನ್ನು ಕರೆಯುತ್ತೇನೆ. ಫೋನ್ ಮಾಡಿದರೆ ಎಷ್ಟು ಗಂಟೆಯಲ್ಲಿ ಬರುತ್ತೀರಿ, ರಜಾದಿನ ಯಾರಿಗೆ ಹೇಳಬೇಕು? ಈ ಎರಡಕ್ಕೆ ಅವರಿಂದ ಬರಹದಲ್ಲಿ ಉತ್ತರ ಬೇಕು. ಹಿಂದಿನ ಹಳ್ಳದಲ್ಲಿ ಓಡಾಡುವ ಜಿಂಕೆಗಳ ಮೇಲೆ ನಮ್ಮಲ್ಲಿ ಯಾರು ಕಣ್ಣಿಡುತ್ತೀರಿ?

ಮನೆ 12: ನಾನು ಬೆಳಗ್ಗೆ ವಾಕಿಂಗ್ ಅಲ್ಲಿಗೇ ಹೋಗುವುದು. ನೋಡುತ್ತೇನೆ.

ಮನೆ 15: ಮುಂದಿನ ತಿಂಗಳು ನಾಯಿ ಕರೆದುಕೊಂಡು ಮೆಕ್ಸಿಕೋದ ಮಾಂಟೆರೇಗೆ ಹೋಗೋಣ ಅಂತಿದ್ದೆವು?

ಮನೆ 3: ನಾಯಿ ನಮ್ಮನೆಯಲ್ಲಿ ಬಿಟ್ಟು ಹೋಗಿ.