ಆದಿಕಾಲದ ಗೆಲಾಕ್ಸಿಗಳು ಮಂಕಾಗಿದ್ದವೇ, ವಿರಳವಾಗಿದ್ದವೇ?

ಪ್ರಶ್ನೆ:
ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗಾಂತರ ಎಷ್ಟು ಉದ್ದವಾಗಿದೆ ಎಂಬ ಅಳತೆ; ಹೆಚ್ಚಿದಷ್ಟೂ ದೂರ) 4ರಿಂದ 8ರ ಕಡೆಗೆ, ಅಂದರೆ ವಿಶ್ವಕ್ಕೆ ಸುಮಾರು 150 ಕೋಟಿ ವರ್ಷವಾಗಿದ್ದ ಕಾಲದಿಂದ 65 ಕೋಟಿ ವರ್ಷವಾಗಿದ್ದ ಕಾಲಕ್ಕೆ ಹಿಂದೆ ಸರಿದಂತೆ, ಪ್ರಕಾಶಮಾನ ಗೆಲಾಕ್ಸಿಗಳು ಕಡಿಮೆಯಾಗುತ್ತವೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಒಂದೊಂದು ಗೆಲಾಕ್ಸಿಯೂ ಆಗ ಮಂಕಾಗಿತ್ತೆಂದು ಹಳೆಯ ಲೇಖನಗಳು ಹೇಳಿದರೆ, 2015ರ ನಂತರದವು ಅವುಗಳ ಸಂಖ್ಯೆಯೇ ಕಡಿಮೆ ಇತ್ತೆನ್ನುತ್ತವೆ. ಅದೇ ಹಬಲ್ ದೂರದರ್ಶಕದ ಚಿತ್ರಗಳಿಂದ ಎರಡು ತೀರ್ಮಾನಗಳು ಹೇಗೆ ಹೊರಟವು?

ಉತ್ತರ 1:
ಗೆಲಾಕ್ಸಿಗಳ ದೀಪ್ತಿ ಹಂಚಿಕೆಯನ್ನು, ಅಂದರೆ ಯಾವ ಪ್ರಕಾಶದವು ಎಷ್ಟಿವೆ ಎಂಬ ವಕ್ರರೇಖೆಯನ್ನು, ಸಾಮಾನ್ಯವಾಗಿ ಖಗೋಳವಿಜ್ಞಾನಿ ಪಾಲ್ ಶೆಕ್ಟರ್ 1976ರಲ್ಲಿ ಸೂಚಿಸಿದ ಸೂತ್ರದಿಂದ ವಿವರಿಸುತ್ತಾರೆ. ಅದರಲ್ಲಿ ಮೂರು ಅಂಕಿಗಳಿವೆ: ವಕ್ರರೇಖೆ ಥಟ್ಟನೆ ಕುಸಿಯುವ ದೀಪ್ತಿ, ಗೆಲಾಕ್ಸಿಗಳ ಸಂಖ್ಯೆಯ ಒಟ್ಟಾರೆ ಸಾಂದ್ರತೆ, ಮತ್ತು ಮಂಕು ತುದಿಯ ಇಳಿಜಾರು (ಕಡಿದಾದಷ್ಟೂ ಮಂಕು ಗೆಲಾಕ್ಸಿಗಳ ಪಾಲು ಹೆಚ್ಚು). ರೇಖೆಯನ್ನು ಎಡಕ್ಕೆ (ಮಂಕು ಕಡೆಗೆ) ಸರಿಸಿದರೂ ಕೆಳಕ್ಕೆ (ಕಡಿಮೆ ಸಂಖ್ಯೆಯ ಕಡೆಗೆ) ಇಳಿಸಿದರೂ, ಕೈಗೆ ಸಿಕ್ಕಿರುವ ಬಿಂದುಗಳ ಮೇಲೆ ಅದು ಹೆಚ್ಚುಕಡಿಮೆ ಒಂದೇ ರೀತಿ ಕೂರುತ್ತದೆ. ಇವೆರಡನ್ನೂ ಬೇರ್ಪಡಿಸಬಲ್ಲವು ಅಪರೂಪದ ಅತಿ ಪ್ರಕಾಶಮಾನ ಗೆಲಾಕ್ಸಿಗಳು ಮಾತ್ರ. ಹುಣ್ಣಿಮೆ ಚಂದ್ರನ ಅರವತ್ತನೆಯ ಒಂದು ಪಾಲಿಗಿಂತಲೂ ಕಿರಿದಾದ ಆಕಾಶದ ತುಣುಕನ್ನು ದೀರ್ಘಕಾಲ ಚಿತ್ರಿಸಿದ ಹಬಲ್ ಅಲ್ಟ್ರಾ ಡೀಪ್ ಫೀಲ್ಡ್‌ನಲ್ಲಿ ಅವು ಸಿಗುವುದು ಅದೃಷ್ಟದ ಮಾತು. 2015ರ ವಿಶ್ಲೇಷಣೆ ವಿಶಾಲ ಕ್ಷೇತ್ರಗಳನ್ನೂ ಸೇರಿಸಿಕೊಂಡು 10,000ಕ್ಕೂ ಹೆಚ್ಚು ಗೆಲಾಕ್ಸಿಗಳನ್ನು ಬಳಸಿತು. ಆಗ ಕುಸಿತದ ದೀಪ್ತಿ ಅಷ್ಟಾಗಿ ಬದಲಾಗದೆ, ಸಾಂದ್ರತೆ ಇಳಿದು, ಇಳಿಜಾರು ಸುಮಾರು -1.6ರಿಂದ -2ರವರೆಗೆ ಕಡಿದಾಗುವುದು ಕಂಡಿತು. ನನ್ನ ದೃಷ್ಟಿಯಲ್ಲಿ ಈ ಅಂಕಿಗಳನ್ನು ಬಿಡಿಬಿಡಿಯಾಗಿ ಹೋಲಿಸುವುದೇ ತಪ್ಪು.

ಉತ್ತರ 2:
ಮಂಕು ತುದಿಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಕಂಡವುಗಳಷ್ಟೇ ಮುಖ್ಯವಾದದ್ದು ಕಾಣದೆ ಉಳಿದವುಗಳ ಲೆಕ್ಕ. ಕೃತಕ ಗೆಲಾಕ್ಸಿಗಳನ್ನು ನಿಜವಾದ ಚಿತ್ರದೊಳಗೆ ಬಿತ್ತಿ, ಎಷ್ಟು ಮತ್ತೆ ಪತ್ತೆಯಾಗುತ್ತವೆ ಎಂದು ಎಣಿಸಿ, ಆ ಪ್ರಮಾಣದಿಂದ ಸಂಖ್ಯೆಯನ್ನು ಸರಿಪಡಿಸುತ್ತಾರೆ. ಆ ಕೃತಕ ಗೆಲಾಕ್ಸಿಗಳನ್ನು ದೊಡ್ಡದಾಗಿ ಊಹಿಸಿಕೊಂಡರೆ ಅವುಗಳ ಬೆಳಕು ಹರಡಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ, ತಿದ್ದುಪಡಿ ಹಿಗ್ಗುತ್ತದೆ, ಇಳಿಜಾರೂ ಕಡಿದಾಗಿ ತೋರುತ್ತದೆ. ಏಬೆಲ್ 2744ರಂಥ ಗೆಲಾಕ್ಸಿ ಗುಂಪುಗಳನ್ನು, ಹಿಂದಿನ ಗೆಲಾಕ್ಸಿಗಳ ಬೆಳಕನ್ನು ಬಾಗಿಸಿ ಹಿಗ್ಗಿಸುವ ಗುರುತ್ವ ಮಸೂರವಾಗಿ ಬಳಸಿದಾಗಲಂತೂ ಈ ಊಹೆಯ ಪಾತ್ರ ಇನ್ನಷ್ಟು ದೊಡ್ಡದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ದೂರವನ್ನಾದರೂ ನಂಬಬಹುದೇ?

ಉತ್ತರ 3:
ಬಹುಮಟ್ಟಿಗೆ ನಂಬಬಹುದು. ನಡುವಿನ ತಟಸ್ಥ ಹೈಡ್ರೋಜನ್, 1216 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ಹೀರಿಬಿಡುತ್ತದೆ. ರೆಡ್‌ಶಿಫ್ಟ್ 8ರಲ್ಲಿ ಆ ಅಂಚು ಸುಮಾರು 1.1 ಮೈಕ್ರಾನ್‌ಗೆ ಸರಿದಿರುವುದರಿಂದ, ಗೆಲಾಕ್ಸಿ ಒಂದು ಫಿಲ್ಟರ್‌ನಲ್ಲಿ ಮಾಯವಾಗಿ ಮುಂದಿನದರಲ್ಲಿ ಕಾಣಿಸುತ್ತದೆ. ಆದರೆ ಧೂಳು ತುಂಬಿದ ಹತ್ತಿರದ ಗೆಲಾಕ್ಸಿಯೂ ಇದೇ ವೇಷ ತೊಡಬಲ್ಲದು. ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳಲ್ಲಿ 2022ರಲ್ಲಿ ಸಿಕ್ಕ, ರೆಡ್‌ಶಿಫ್ಟ್ ಸುಮಾರು 16 ಎಂದು ಅಂದಾಜಿಸಿದ್ದ ಸೀಯರ್ಸ್-93316 ಎಂಬ ಗೆಲಾಕ್ಸಿ, ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ರೋಹಿತ ತೆಗೆದಾಗ 4.9ರದ್ದೆಂದು ತಿಳಿಯಿತು, ಅದರ ಅನಿಲ ನಿರ್ದಿಷ್ಟ ತರಂಗಾಂತರಗಳಲ್ಲಿ ಹೊಮ್ಮಿಸುವ ಪ್ರಬಲ ಉತ್ಸರ್ಜನ ರೇಖೆಗಳು ಫಿಲ್ಟರ್‌ಗಳಲ್ಲಿ ಬಿದ್ದು ದಾರಿ ತಪ್ಪಿಸಿದ್ದವು. ಬೆರಳೆಣಿಕೆಯ ಗೆಲಾಕ್ಸಿಗಳ ಮೇಲೆ ನಿಂತಿರುವ ಆ ದೂರದ ದೀಪ್ತಿ ಹಂಚಿಕೆಯಲ್ಲಿ, ಇಂಥ ಒಂದೇ ಒಂದು ಜಾರಿದರೂ ಪ್ರಕಾಶಮಾನ ತುದಿಯ ಬಿಂದುವನ್ನು ಅಳಿಸಿ ಬರೆಯಬೇಕಾಗುತ್ತದೆ.