ಹಳೆಯ ಕೋತಿ ಚಿತ್ರದಲ್ಲಿ ಕಂದು ಚುಕ್ಕೆ, ಬಿಳಿ ಬಣ್ಣ ಕಪ್ಪಾಗಿದೆ: ಏನು ಮಾಡಲಿ?

ಬದಿಯಡ್ಕದಿಂದ:
ಅಜ್ಜನ ಕಾಲದ ಒಂದು ಚಿತ್ರ ನಮ್ಮ ಜಗಲಿಯಲ್ಲಿದೆ. ಕೊಂಬೆಯ ಮೇಲೆ ಕೂತ ಕೋತಿ, ಅಂಗೈಗಿಂತ ಸ್ವಲ್ಪ ದೊಡ್ಡದು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಲಿಝಾರ್ಸ್ ಎಂದಿದೆ. ಮಳೆಗಾಲ ಮುಗಿಯುವಾಗ ಕಾಗದದ ತುಂಬಾ ಕಂದು ಚುಕ್ಕೆ ಎದ್ದಿವೆ. ಎದೆಯ ಬಿಳಿ ಬಣ್ಣ ಮೊದಲೇ ಕಪ್ಪಾಗಿತ್ತು. ಫ್ರೇಮ್ ಹಾಕುವವರೊಬ್ಬರು ಬ್ಲೀಚಿಂಗ್ ನೀರಲ್ಲಿ ಅದ್ದಿ ಬಿಸಿಲಿಗಿಡಿ ಎಂದರು. ಮಾಡಬಹುದಾ? ಇದು ನಿಜವಾಗಿ ಕೈಯಲ್ಲಿ ಬಣ್ಣ ಹಚ್ಚಿದ್ದಾ?

ಮುಳ್ಳೇರಿಯದಿಂದ:
ಅಣ್ಣಾ, ದಯವಿಟ್ಟು ಅದ್ದಬೇಡಿ. ಕೈಯಲ್ಲಿ ಹಚ್ಚಿದ್ದಾದರೆ ಅದು ಜಲವರ್ಣ, ನೀರಿಗೆ ಕದಡಿ ಹೋಗುತ್ತದೆ. ಬಿಸಿಲಿಗೆ ಬಣ್ಣ ಮಂಕಾಗುತ್ತದೆ. ಅಡಿಕೆ ಒಣಗಿಸಿದ ಹಾಗಲ್ಲ ಇದು.

ಎಡಿನ್‌ಬರೋದಲ್ಲಿ ವಿಲಿಯಂ ಜಾರ್ಡೈನ್ 1833ರಿಂದ 1843ರವರೆಗೆ 40 ಸಂಪುಟಗಳ ಪ್ರಾಣಿ ಗ್ರಂಥಮಾಲೆ ತಂದರು. ಅದರ ಚಿತ್ರಗಳನ್ನು ಅಚ್ಚಿಗಾಗಿ ತಗಡಿನ ಮೇಲೆ ಕೆತ್ತಿದವರು ಲಿಝಾರ್ಸ್. ಗೆರೆ ಅಚ್ಚಿನದು, ಬಣ್ಣ ಆಮೇಲೆ ಕೈಯಲ್ಲಿ ಹಚ್ಚುತ್ತಿದ್ದರು. ಕೋತಿಗಳ ಸಂಪುಟ 1833ರದ್ದು. ನಿಮ್ಮದು ಅದರಿಂದ ಬಿಚ್ಚಿ ತೆಗೆದ ಹಾಳೆ ಇರಬಹುದು. ಭೂತಗನ್ನಡಿಯಲ್ಲಿ ನೋಡಿ. ಬಣ್ಣದೊಳಗೆ ಸಾಲುಸಾಲು ಚುಕ್ಕೆ ಕಂಡರೆ ಈಚಿನ ಅಚ್ಚು. ಬಣ್ಣ ಅಲ್ಲಲ್ಲಿ ಗೆರೆ ದಾಟಿದ್ದರೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ ಕುಂಚದ್ದೇ.

ಕಂದು ಚುಕ್ಕೆಗೆ ತೇವವೇ ಕಾರಣ. ಫ್ರೇಮ್ ಬಿಚ್ಚಿ, ಹಿಂದೆ ಮರದ ಹಲಗೆ ಇದ್ದರೆ ತೆಗೆಯಿರಿ. ಮರದ ಆಮ್ಲ ಕಾಗದವನ್ನು ಸುಡುತ್ತದೆ. ಹಾಳೆ ಗಾಜಿಗೆ ಅಂಟಿದ್ದರೆ ಮಾತ್ರ ಎಳೆಯಬೇಡಿ.

ಕಪ್ಪಾದ ಬಿಳಿ ಬಣ್ಣ ಸೀಸದ್ದು. ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಹಾಗಾಗುತ್ತದೆ. ಅದನ್ನು ತಿರುಗಿ ಬೆಳ್ಳಗೆ ಮಾಡುವ ದಾರಿ ಇದೆ, ಆದರೆ ಕಲಿತವರ ಕೈಯಲ್ಲೇ ಆಗಬೇಕು. ಬೆಂಗಳೂರಿನಲ್ಲಿ ಹಳೆಯ ಕಲೆ, ಕಟ್ಟಡ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಇದೆ, ಕೇಳಿ ನೋಡಿ.

ಇನ್ನೊಂದು, ಎಲೆಯ ಹಸಿರಿನ ಹಿಂಬದಿ ನೋಡಿ. ಹಳೆಯ ಹಸಿರು ಬಣ್ಣ ಕೆಲವು ತಾಮ್ರದ್ದು. ನಾವು ಅಡಿಕೆಯ ಕೊಳೆರೋಗಕ್ಕೆ ಬಿಡುವ ಮೈಲುತುತ್ತಿನಲ್ಲೂ ಇರುವುದು ಅದೇ ತಾಮ್ರ. ಅದು ನಿಧಾನಕ್ಕೆ ಕಾಗದವನ್ನೇ ತಿನ್ನುತ್ತದೆ. ಎಲೆಯದೇ ಆಕಾರದಲ್ಲಿ ಹಿಂದೆ ಕಂದಾಗಿದ್ದರೆ ಹಾಳೆ ಮಡಚಲೇಬೇಡಿ, ಅಲ್ಲೇ ತುಂಡಾಗುತ್ತದೆ.

ಬದಿಯಡ್ಕದಿಂದ:
ಬಿಚ್ಚಿದೆ. ಹಿಂದೆ ಹಲಸಿನ ಹಲಗೆ ಇತ್ತು! ಹಾಳೆ ಅಂಟಿರಲಿಲ್ಲ. ಬಣ್ಣ ಬಾಲದ ಹತ್ತಿರ ಗೆರೆ ದಾಟಿದೆ, ನೋಡಿ ತುಂಬಾ ಖುಷಿಯಾಯಿತು. ಹಸಿರಿನ ಹಿಂಬದಿ ಬೆಳ್ಳಗೇ ಇದೆ. ಆದರೆ ತೂಗುಹಾಕಿದ್ದು ಪಡುವಣ ಗೋಡೆಯಲ್ಲಿ, ಮಳೆ ಹೊಡೆಯುವ ಕಡೆ.

ಮುಳ್ಳೇರಿಯದಿಂದ:
ಅಲ್ಲೇ ತೊಂದರೆ ಅಣ್ಣಾ. ಒಳಗಿನ ಗೋಡೆಗೆ ಬದಲಿಸಿ. ಹಿಂದೆ ಆಮ್ಲವಿಲ್ಲದ ರಟ್ಟು ಹಾಕಿಸಿ, ಗಾಜಿಗೂ ಹಾಳೆಗೂ ನಡುವೆ ಸ್ವಲ್ಪ ಜಾಗ ಇರಲಿ. ಬೆಂಗಳೂರಿಗೆ ಒಯ್ಯುವಾಗ ಸುರುಳಿ ಸುತ್ತಬೇಡಿ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟುಕೊಳ್ಳಿ.