ಸಹಾಯ ಬೇಕು: ಉಣ್ಣಿ ಮನೆಯೊಳಗೆ ಸೇರಿಕೊಂಡಿದೆ, ಅಂಬೆಗಾಲಿಡುವ ಮಗುವಿದೆ

ನಮ್ಮ ನಾಯಿಗೆ ಎರ್ಲಿಕಿಯೋಸಿಸ್ (ಉಣ್ಣಿ ಕಚ್ಚುವುದರಿಂದ ಬರುವ ಬ್ಯಾಕ್ಟೀರಿಯಾ ಸೋಂಕು) ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಡುತ್ತಿದ್ದೇವೆ. ನಿನ್ನೆಯಿಂದ ಬಟ್ಟಲಿಗೆ ಬಾಯಿ ಹಾಕುತ್ತಿದೆ, ಅಷ್ಟು ಸಮಾಧಾನ.

ಈಗಿನ ಚಿಂತೆ ಮನೆಯದು. ಅದರ ಕಿವಿಯ ಮಡಿಕೆಯಲ್ಲಿ ಬೂದು ಮಣಿಯಂತೆ ಉಬ್ಬಿದ ಹೆಣ್ಣು ಉಣ್ಣಿಗಳಿದ್ದವು. ಅಂಥದ್ದೊಂದು ಉದುರಿ ಗೋಡೆಯ ಬಿರುಕು ಸೇರಿದರೆ ಸಾವಿರಾರು ಮೊಟ್ಟೆ ಇಡುತ್ತದೆ. ಹೊರಬಂದ ಮರಿಗೆ ಪ್ರತಿ ಹಂತದಲ್ಲೂ ರಕ್ತ ಬೇಕು. ಒಂದು ಹಂತದಲ್ಲಿ ಹೀರಿದ ರೋಗಾಣು ಮುಂದಿನ ಹಂತದಲ್ಲಿ ಬೇರೆ ಪ್ರಾಣಿಗೆ ದಾಟಬಹುದು. ನಾಯಿಯನ್ನು ಮುಟ್ಟಿದರೆ ರೋಗ ಬರುವುದಿಲ್ಲ, ಉಣ್ಣಿ ಕಚ್ಚಬೇಕು ಎಂಬುದು ಗೊತ್ತಿದೆ. ಆದರೆ ಇಂದು ಬೆಳಿಗ್ಗೆ ಮಗುವಿನ ಕತ್ತಿನ ಹಿಂದೆಯೇ ಒಂದು ಕಚ್ಚಿಕೊಂಡಿತ್ತು! ಸೀಮೆಎಣ್ಣೆ ಹಚ್ಚು ಎಂದವರ ಮಾತು ಕೇಳದೆ, ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದೆ. ಕೈ ನಡುಗುತ್ತಿತ್ತು. ಮಕ್ಕಳ ವೈದ್ಯರಿಗೆ ತಿಳಿಸಿದ್ದೇನೆ, ಜ್ವರ ನೋಡುತ್ತಿದ್ದೇನೆ.

ನೆಲ, ಬಿರುಕುಗಳನ್ನು ಮಗುವಿಗೆ ಅಪಾಯವಾಗದಂತೆ ಶುಚಿಮಾಡಿದವರು ಯಾರಾದರೂ ಇದ್ದೀರಾ? ಬೆಕ್ಕೂ ಇದೆ, ಪರ್ಮೆಥ್ರಿನ್ ಎಂಬ ಕೀಟನಾಶಕ ಅದಕ್ಕೆ ವಿಷ. ಹಾಗಾಗಿ ಅದನ್ನು ಬಿಟ್ಟು ಬೇರೆ ದಾರಿ ಹೇಳಿ. ಎಷ್ಟು ತಿಂಗಳು ಹಿಡಿಯಿತು ಎಂಬುದನ್ನೂ ದಯವಿಟ್ಟು ತಿಳಿಸಿ.